ರಸ್ತಾ ಕೆಲಸ ನಡದೈತ್ರಿ

ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ನೆಮ್ಮದಿಯ ಕಾಲ ಯಾವುದೆಂದು ಯಾರಾದರೂ ಕೇಳಿದರೆ, ಹುಬ್ಬಳ್ಳಿ–ಧಾರವಾಡ ರಸ್ತೆಯನ್ನು ಅಗೆದು ಹಾಕಿದ್ದ ಕಾಲ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಆ ಧೂಳು, ಆ ತಗ್ಗು, ಆ ಕೆಮ್ಮು, ಎಲ್ಲ ಖರೆ. ಆದರೆ ಆ ವರ್ಷಗಳಲ್ಲಿ ನಾನು ಎಲ್ಲಿಗೆ ಎಷ್ಟು ಹೊತ್ತಿಗೆ ಹೋದರೂ ಯಾಕೆ ತಡ ಎಂದು ಒಬ್ಬರೂ ಕೇಳಲಿಲ್ಲ.

ಆಫೀಸು ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಹತ್ತೂವರೆಗೆ ಹಾಜರಿ. ಹನ್ನೊಂದೂ ಕಾಲಿಗೆ ಒಳಗೆ ಕಾಲಿಟ್ಟು, ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತು, ಕರವಸ್ತ್ರದಿಂದ ಮುಖದ ಮೇಲಿನ ಧೂಳನ್ನು ಸಾವಕಾಶ ಒರೆಸಿಕೊಂಡು, ‘ರಸ್ತಾ ಕೆಲಸ ನಡದೈತ್ರಿ ಸರ್’ ಅಂದರೆ ಮುಗಿಯಿತು. ಸಾಹೇಬರೂ ಧಾರವಾಡದವರೇ. ಅವರು ಬಂದೂ ಐದು ನಿಮಿಷವಾಗಿರುತ್ತಿತ್ತು ಅಷ್ಟೇ. ಅವರ ಮೇಲಿನ ಧೂಳು ಇನ್ನೂ ಹಾರುತ್ತಿತ್ತು. ‘ಹೌದ್ ಬಿಡ್ರಿ’ ಅನ್ನುತ್ತಿದ್ದರು. ಆ ಎರಡು ಶಬ್ದದಲ್ಲಿ ಎಷ್ಟು ಬಂಧುತ್ವ ಇರುತ್ತಿತ್ತೆಂದರೆ, ನಮ್ಮ ಯೂನಿಯನ್ನಿನ ಎಷ್ಟೋ ಭಾಷಣಗಳಲ್ಲಿ ಅಷ್ಟು ಇರಲಿಲ್ಲ.

ಮದುವೆಗೆ ಅಕ್ಷತೆ ಬಿದ್ದ ಮೇಲೆ ಹೋದಾಗ ಅದನ್ನೇ ಹೇಳಿದೆ. ಅಳಿಯನ ಮನೆಯವರು ರೈಲು ಇಳಿದು ಒಂದು ತಾಸು ಸ್ಟೇಷನ್ನಿನಲ್ಲಿ ಕೂತಾಗ ಅದನ್ನೇ ಹೇಳಿದೆ. ಒಮ್ಮೆ ಬೆಳಗಾವಿಯ ಬೀಗರ ಮನೆಗೆ ತಡವಾಗಿ ಹೋಗಿ ಅಲ್ಲಿಯೂ ಅದನ್ನೇ ಒಗೆದೆ. ಧಾರವಾಡದಿಂದ ಬೆಳಗಾವಿ ಇರುವುದು ಹುಬ್ಬಳ್ಳಿಯ ತದ್ವಿರುದ್ಧ ದಿಕ್ಕಿಗೆ ಎಂಬುದು ಅವರಿಗೆ ಹೊಳೆಯುವಷ್ಟರಲ್ಲಿ ಊಟಕ್ಕೆ ಎಲೆ ಹಾಕಿಯಾಗಿತ್ತು.

ಈ ರಸ್ತೆಯ ಮಹಿಮೆ ದೂರದವರಿಗೆ ತಿಳಿಯಬೇಕಾದರೆ ಮೊದಲು ಊರುಗಳ ಸ್ವಭಾವ ತಿಳಿಯಬೇಕು. ಹುಬ್ಬಳ್ಳಿ–ಧಾರವಾಡ ಅವಳಿ ನಗರ. 1962ರಲ್ಲಿ ಎರಡನ್ನೂ ಕೂಡಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಅವಳಿ ಎಂದು ಹೆಸರಿಟ್ಟವರು ಇಬ್ಬರನ್ನೂ ಒಂದೇ ದಿವಸ ನೋಡಿದವರಲ್ಲ. ಒಬ್ಬ ಆರಕ್ಕೆದ್ದು ಅಂಗಡಿಯ ಬಾಗಿಲು ತೆಗೆಯುತ್ತಾನೆ; ಇನ್ನೊಬ್ಬ ಎಂಟಕ್ಕೆದ್ದು ಹವಾ ಹೆಂಗೈತಿ ಅಂತ ಕಿಟಕಿ ತೆಗೆಯುತ್ತಾನೆ. ಹುಬ್ಬಳ್ಳಿಯವನು ‘ಎಷ್ಟಕ್ಕ?’ ಅನ್ನುವ ಕಡೆ ಧಾರವಾಡದವನು ‘ಯಾಕ?’ ಅನ್ನುತ್ತಾನೆ. ಮಣ್ಣೂ ಬೇರೆ. ಧಾರವಾಡದ ಕಡೆ ಮಲೆನಾಡಿನ ಸೆರಗಿನ ಕೆಂಪು ಮಣ್ಣು, ಹುಬ್ಬಳ್ಳಿಯ ಕಡೆ ಬಯಲುಸೀಮೆಯ ಎರೆಮಣ್ಣು. ರಸ್ತೆ ಅಗೆದಿದ್ದ ಕಾಲದಲ್ಲಿ ನನ್ನ ಹೆಂಡತಿ ಬೂಟಿನ ಮೇಲಿನ ಧೂಳಿನ ಬಣ್ಣ ನೋಡಿಯೇ ನಾನು ಸಂಜೆ ಎಲ್ಲಿ ಅಡ್ಡಾಡಿ ಬಂದೆ ಎಂದು ಹೇಳುತ್ತಿದ್ದಳು. ಪೊಲೀಸರ ಹತ್ತಿರವೂ ಅಂಥ ನಾಯಿ ಇರಲಿಕ್ಕಿಲ್ಲ ಎಂದು ಒಮ್ಮೆ ಮೆಚ್ಚಿ ಹೇಳಿದೆ. ಮೆಚ್ಚುಗೆ ತಲುಪಲಿಲ್ಲ.

ಹುಬ್ಬಳ್ಳಿಯವರಿಗೆ ದೊಡ್ಡದರ ಹವ್ಯಾಸ. 2023ರಲ್ಲಿ ಅಲ್ಲಿಯ ರೈಲ್ವೆ ಸ್ಟೇಷನ್ನಿನಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು, ಜಗತ್ತಿಗೇ ಉದ್ದದ್ದು. ನಾವು ಧಾರವಾಡದವರು ಅದನ್ನು ಕೇಳಿ, ಇನ್ನು ಸ್ವಲ್ಪ ಎಳೆದಿದ್ದರೆ ರೈಲೇ ಬೇಕಿರಲಿಲ್ಲ, ಪ್ಲಾಟ್‌ಫಾರ್ಮ್ ಮೇಲೆ ನಡೆದುಕೊಂಡೇ ಮನೆಗೆ ಬರುತ್ತಿದ್ದೆವು ಅಂದೆವು. ನಮಗೆ ಉದ್ದದ್ದು ಅಂದರೆ ಮಾತು.

ಈ ಎರಡು ಊರನ್ನು ಹೊಲಿದಿದ್ದ ದಾರವೇ ಹಳೆಯ ಪುಣೆ–ಬೆಂಗಳೂರು ರಸ್ತೆ. ಪಿ.ಬಿ. ರೋಡ್ ಅಂದರೆ ಎತ್ತಿನ ಗಾಡಿಯವನಿಗೂ ಗೊತ್ತು. ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಆದರೆ ನಮ್ಮಲ್ಲಿ ಯಾರೂ ಕಿಲೋಮೀಟರಿನಲ್ಲಿ ಅಳೆಯುತ್ತಿರಲಿಲ್ಲ, ‘ಒಂದು ತಾಸಿನ ಹಾದಿ’ ಅನ್ನುತ್ತಿದ್ದೆವು. ಎರಡೂ ಬದಿ ಹಳೆಯ ಮರಗಳು. ಸರಕಾರಿ ಬಸ್ಸುಗಳ ಜೊತೆಗೆ ‘ಬೇಂದ್ರೆ ನಗರ ಸಾರಿಗೆ’ ಎಂದು ಬರೆದುಕೊಂಡ ಖಾಸಗಿ ಬಸ್ಸುಗಳೂ ಓಡುತ್ತಿದ್ದವು. ವರಕವಿಯ ಹೆಸರಿನ ಬಸ್ಸಿನ ಮೆಟ್ಟಿಲ ಮೇಲೆ ಒಂದೇ ಕಾಲಿನಲ್ಲಿ ಜೋತು ಬಿದ್ದು ಹೋಗುವ ಭಾಗ್ಯ ಬೇರೆ ಯಾವ ಊರಿನ ಓದುಗನಿಗೂ ಸಿಕ್ಕಿರಲಿಕ್ಕಿಲ್ಲ. ಕಿಟಕಿಯೊಳಗಿಂದ ಕರವಸ್ತ್ರ ಒಗೆದು ಸೀಟು ಹಿಡಿಯುವುದು, ಆ ಕರವಸ್ತ್ರದ ಮೇಲೆ ಇನ್ನೊಬ್ಬ ಕೂತಿದ್ದಾನೆಂದು ಟೋಲ್‌ನಾಕಾ ತನಕ ವಾದಿಸುವುದು, ಸತ್ತೂರು ಬರುವಷ್ಟರಲ್ಲಿ ಅವನು ನಮ್ಮ ದೂರದ ಸಂಬಂಧಿಯೆಂದು ಗೊತ್ತಾಗುವುದು, ನವಲೂರಿನಲ್ಲಿ ಇಬ್ಬರೂ ಕೂಡಿ ಪೇರಲಹಣ್ಣು ಕೊಳ್ಳುವುದು. ರಾಯಾಪುರದ ತನಕ ರಾಜಕಾರಣ. ಉಣಕಲ್ ಕೆರೆ ಕಂಡಾಗ ಮಗಳ ಲಗ್ನದ ಮಾತು. ಅದು ಅರ್ಧಕ್ಕೆ ಬಂದಿರುತ್ತಿತ್ತು, ಇಳಿಯುವ ಜಾಗ ಬಂದುಬಿಡುತ್ತಿತ್ತು. ‘ಉಳಿದದ್ದು ನಾಳೆ’ ಅನ್ನುತ್ತಿದ್ದೆವು.

ಇಂಥ ರಸ್ತೆಗೆ ಬಿ.ಆರ್.ಟಿ.ಎಸ್. ಬರುತ್ತದೆಂದು ಸುದ್ದಿಯಾಯಿತು. 2012ರಲ್ಲಿ ಅದಕ್ಕೊಂದು ಕಂಪನಿಯನ್ನೂ ಕಟ್ಟಿದರು. ಅದೇನೆಂದು ನಮ್ಮ ಓಣಿಗೆ ತಿಳಿಸಿದವರು ನಿವೃತ್ತ ಭೂಗೋಳ ಮಾಸ್ತರರು. ರಸ್ತೆಯ ನಟ್ಟನಡುವಿನ ಓಣಿ ಬಸ್ಸಿಗೇ ಮೀಸಲು. ಕಾರು, ಮೋಟಾರ್‌ಸೈಕಲ್ಲು, ಎಮ್ಮೆ ಯಾವುದೂ ಒಳಗೆ ಹೋಗುವ ಹಾಗಿಲ್ಲ. ನಿಲ್ದಾಣವೂ ನಡುವೆಯೇ. ಬಸ್ಸಿನ ನೆಲ, ಕಟ್ಟೆಯ ನೆಲ ಒಂದೇ ಮಟ್ಟ. ಟಿಕೆಟ್ಟು ಹತ್ತುವ ಮೊದಲೇ. ಅಂದರೆ ಹಳಿ ಇಲ್ಲದ ರೈಲು ಎಂದು ತಿಳೀರಿ, ಎಂದರು ಮಾಸ್ತರರು.

‘ಇದನ್ನ ಮೊದಲ ಮಾಡಿದ್ದು ಬ್ರೆಜಿಲ್ ದೇಶದ ಕುರಿಟಿಬಾ ಊರಾಗ. 1974ರಾಗ. ಅಲ್ಲಿಯ ಮೇಯರ್ ಜೈಮೆ ಲರ್ನರ್ ಅಂತ. ಕಟ್ಟಡದ ನಕ್ಷೆ ಬರಿಯೂ ಮನಿಷಾ.’ ಮಾಸ್ತರರು ಚುಟ್ಟಾ ಹಚ್ಚಿದರು. ‘ಅದಕ್ಕೂ ಎರಡು ವರ್ಷ ಮೊದಲ ಅಂವಾ ಊರ ನಡುವಿನ ದೊಡ್ಡ ಪ್ಯಾಟಿ ರಸ್ತಾ ಒಂದನ್ನ ಬರೇ ನಡೆಯೋರಿಗೆ ಅಂತ ಮಾಡಿದ. ಅಂಗಡಿಯವರು ಬ್ಯಾಡ ಅಂತಿದ್ರು. ಕೋರ್ಟಿಗೆ ಹೋದಾರು ಅಂತ ಅಂವಾ ಏನ ಮಾಡಿದ ಗೊತ್ತೇನು? ಶುಕ್ರವಾರ ಸಂಜೀಕ ಶುರು ಮಾಡಿದ. ಕೋರ್ಟು ಬಾಗಲಾ ಹಾಕಿದ ಮ್ಯಾಲ. 72 ತಾಸಿನಾಗ ಕಲ್ಲು ಹಾಸಿ, ಹೂವಿನ ಕುಂಡಿ ಇಟ್ಟು, ದೀಪಾ ಹಚ್ಚಿ ಮುಗಿಸಿಬಿಟ್ಟ. ಮುಂದ ಕಾರಿನವರು ಸಿಟ್ಟಿಗೆದ್ದು ಗಾಡಿ ನುಗ್ಗಸ್ತೀವಿ ಅಂದಾಗ ರಸ್ತಾದ ಮ್ಯಾಲ ಉದ್ದಕ ಕಾಗದ ಹಾಸಿ ಸಣ್ಣ ಹುಡುಗರನ್ನ ಚಿತ್ರ ತಗೀಲಿಕ್ಕೆ ಕೂಡಿಸಿದ.’

ಎಲ್ಲರೂ ಒಂದು ನಿಮಿಷ ಸುಮ್ಮನಾದೆವು. 72 ತಾಸು ಅಂದರೆ ಮೂರು ದಿವಸ. ನಮ್ಮಲ್ಲಿ ಮೂರು ದಿವಸಕ್ಕೆ ಗುದ್ದಲಿ ಪೂಜೆಯ ಪೆಂಡಾಲು ಬಿಚ್ಚುವುದಿಲ್ಲ.

‘ದಿಲ್ಲಿಯೊಳಗೂ ಮಾಡಿದ್ರಲ್ರಿ ಮಾಸ್ತರ?’ ಎಂದ ಒಬ್ಬ. ಹೌದು, 2008ರಲ್ಲಿ ಮಾಡಿದ್ದರು. ಕಾರಿನವರ ಬೊಬ್ಬೆಗೆ ಮುಂದೆ 2016ರಲ್ಲಿ ಕಿತ್ತೂ ಹಾಕಿದರು. ಅಹಮದಾಬಾದಿನಲ್ಲಿ 2009ರಲ್ಲಿ ಶುರುವಾದದ್ದು ನೆಲೆ ನಿಂತಿತು. ನಮ್ಮದು ಯಾವ ದಾರಿ ಹಿಡಿಯುತ್ತದೋ ಎಂದು ಓಣಿಯಲ್ಲಿ ಪಂದ್ಯ ಕಟ್ಟಿದರು. ಪಂದ್ಯದ ಮೊತ್ತ ಅರ್ಧ ಕಿಲೋ ಪೇಢೆ. ತೀರ್ಪು ಬರಲು ಎಷ್ಟು ತಡವಾಯಿತೆಂದರೆ, ಪಂದ್ಯ ಕಟ್ಟಿದವರಲ್ಲಿ ಇಬ್ಬರಿಗೆ ಅಷ್ಟರೊಳಗೆ ಸಕ್ಕರೆ ಕಾಯಿಲೆ ಬಂದಿತ್ತು.

ಮೊದಲು ಬಂದದ್ದು ಯಂತ್ರವಲ್ಲ, ಕೆಂಪು ಬಣ್ಣದ ಡಬ್ಬಿ. ನನ್ನ ಸೋದರಮಾವನ ಮನೆ ಪಿ.ಬಿ. ರೋಡಿನ ಮೇಲೆಯೇ, ಧಾರವಾಡದ ಹೊರ ಅಂಚಿಗೆ. ಅವನ ಮನೆಗೆ ಒಂದು ಕಟ್ಟೆ. ಕಟ್ಟೆ ಅಂದರೆ ಬರೀ ಕಲ್ಲಲ್ಲ. ಸಂಜೆ ಐದಕ್ಕೆ ಮಾಮಾ ಧೋತರದ ಚುಂಗು ಸರಿಮಾಡಿಕೊಂಡು ಅದರ ಮೇಲೆ ಕೂತರೆ ಹೋಗುವ ಬರುವ ಎಲ್ಲರೂ ಅವನಿಗೆ ಲೆಕ್ಕ ಒಪ್ಪಿಸಿ ಹೋಗಬೇಕು. ‘ಏನೋ, ಎಲ್ಲಿ ಹೊಂಟಿ? ನಿಮ್ಮಪ್ಪನ ಮಂಡಿ ನೋವು ಹೆಂಗೈತಿ? ಆ ಕನ್ಯಾ ಏನಾತು?’ ಒಂದು ದಿವಸ ಇಬ್ಬರು ಹುಡುಗರು ಬಂದು ಟೇಪು ಹಿಡಿದು ರಸ್ತೆಯ ನಡುವಿನಿಂದ ಅಳೆಯುತ್ತ ಅಳೆಯುತ್ತ ಕಟ್ಟೆ ಹತ್ತಿ, ಬಾಗಿಲು ದಾಟಿ, ಪಡಸಾಲೆಯಲ್ಲಿ ಕೂತಿದ್ದ ಮಾಮಾನ ಮುಂದೆ ನಿಂತರು. ‘ಅಜ್ಜಾರ, ಸ್ವಲ್ಪ ಕಾಲು ಎತ್ರಿ’ ಎಂದರು. ಮಾಮಾ ಎತ್ತಿದ. ಅವನ ಕಾಲಿದ್ದ ಜಾಗದಲ್ಲಿ ಕೆಂಪು ಗೀಟು ಹಾಕಿ ಹೋದರು.

ರಸ್ತೆ ಕೆಲವು ಕಡೆ 44 ಮೀಟರು, ಊರೊಳಗೆ ಇಕ್ಕಟ್ಟಾದ ಕಡೆ 35 ಮೀಟರು ಆಗಬೇಕಿತ್ತು. ಇಕ್ಕಟ್ಟಿನ ಕಡೆಯ ಲೆಕ್ಕದಲ್ಲೂ ಮಾಮಾನ ಪಡಸಾಲೆಯ ಮುಕ್ಕಾಲು ಪಾಲು ರಸ್ತೆಯ ಪಾಲಾಯಿತು. ಮಾಮಾ ದಿನವೂ ತಾನೇ ಟೇಪು ಹಿಡಿದು ಅಳೆಯತೊಡಗಿದ. ಒಂದು ದಿನ ಎರಡು ಇಂಚು ಉಳಿಯುತ್ತಿತ್ತು, ಇನ್ನೊಂದು ದಿನ ಮೂರು ಇಂಚು ಹೋಗುತ್ತಿತ್ತು. ‘ಟೇಪು ಹಿಗ್ಗತೈತಿ ಬಿಸಲಿಗೆ’ ಅಂದ. ಪರಿಹಾರದ ಹಣ ಬಂತು, ಅದರಲ್ಲಿ ಹಿಂದಿನ ಭಾಗದ ಮೇಲೆ ಒಂದು ಅಟ್ಟ ಏರಿಸಿದ. ಕಟ್ಟೆಗೆ ಮಾತ್ರ ಎಷ್ಟು ಕೊಟ್ಟರು ಎಂದು ಕೇಳಿದರೆ ‘ಕಲ್ಲಿಗೆ ಕೊಟ್ರು’ ಅಂದು ಸುಮ್ಮನಾಗುತ್ತಿದ್ದ.

ಅರ್ಧ ಕಡಿದ ಮನೆಗಳನ್ನು ನಾನು ಮರೆಯುವುದಿಲ್ಲ. ತಿಂಗಳುಗಟ್ಟಲೆ ಬಸ್ಸಿನ ಕಿಟಕಿಯಿಂದ ಅವನ್ನು ನೋಡುತ್ತ ಹೋದೆ. ಕೇಕು ಕತ್ತರಿಸಿದ ಹಾಗೆ ಮುಂಭಾಗ ಹೋಗಿ, ಒಳಗಿನ ಗೋಡೆಗಳೆಲ್ಲ ಬಯಲಿಗೆ ಬಂದಿದ್ದವು. ಒಂದರಲ್ಲಿ ಅಡಿಗೆಮನೆಯ ನೀಲಿ ಬಣ್ಣ, ಒಗ್ಗರಣೆ ಹಾರಿ ಹಾರಿ ಹಳದಿಯಾದ ಒಂದು ಸುತ್ತು. ಒಂದರಲ್ಲಿ ದೀಪದ ಗೂಡು, ಗೂಡಿನ ಮೇಲೆ ಮಸಿಯ ನಾಲಗೆ. ಕನ್ನಡಿ ಇದ್ದಲ್ಲಿ ಗೋಡೆಯ ಅಸಲು ಬಣ್ಣ ಹೊಸದಾಗಿಯೇ ಉಳಿದಿತ್ತು. ವಿದ್ಯಾಗಿರಿಯ ಹತ್ತಿರ ಒಂದು ಗೋಡೆಯ ಮೇಲೆ ಪೆನ್ಸಿಲಿನ ಗೀಟುಗಳು ಒಂದರ ಮೇಲೊಂದು, ಮಗು ಎತ್ತರವಾದ ಲೆಕ್ಕ. ಕೊನೆಯ ಗೀಟು ಬಾಗಿಲ ಚಿಲಕದ ಮಟ್ಟಕ್ಕೆ ಇತ್ತು. ಅದಕ್ಕೂ ಮೇಲೆ, ಹುಡುಗರು ಹಾಕಿದ ಕೆಂಪು ಗೀಟು. ಬಸ್ಸಿನಲ್ಲಿ ಆ ಜಾಗ ಬಂದಾಗ ಮಾತು ತಾನಾಗಿ ನಿಲ್ಲುತ್ತಿತ್ತು, ಆಮೇಲೆ ಯಾರೋ ಒಬ್ಬರು ‘ಹೂಂ…’ ಎಂದು ಮತ್ತೆ ಶುರು ಮಾಡುತ್ತಿದ್ದರು.

ಮರಗಳು ಹೋದವು. ಅದರ ಬಗ್ಗೆ ತಮಾಷೆ ಮಾಡಲು ನನಗೆ ಬರುವುದಿಲ್ಲ.

ಆಮೇಲೆ ಅಗೆತ. ಇವತ್ತು ಎಡಗಡೆ ಹೋದ ರಸ್ತೆ ನಾಳೆ ಬಲಗಡೆ ಹೋಗುತ್ತಿತ್ತು. ಬಾಣದ ಗುರುತಿನ ಫಲಕವನ್ನು ಯಾರೋ ಬಿಸಿಲಿಗೆಂದು ತಿರುಗಿಸಿ ಇಟ್ಟಿದ್ದರೆ ಇಡೀ ಊರು ಒಂದು ಗಲ್ಲಿಯೊಳಗೆ ನುಗ್ಗಿ, ಅಲ್ಲಿ ಯಾರದೋ ಮನೆಯ ಹಿತ್ತಲ ಬಾವಿ ನೋಡಿ ಹಿಂದಕ್ಕೆ ಬರುತ್ತಿತ್ತು. ತಗ್ಗಿನ ಗುರುತಿಗೆ ಒಂದು ಟೊಂಗೆ, ಟೊಂಗೆಗೆ ಒಂದು ಕೆಂಪು ಸೀರೆಯ ತುಂಡು. ಮಳೆಗಾಲದಲ್ಲಿ ನವಲೂರಿನ ಆಚೆ ಅಂಥ ಒಂದು ಟೊಂಗೆ ಚಿಗುರಿತು. ನಾನೇ ಕಂಡಿದ್ದೇನೆ. ಕೆಲಸ ಎಷ್ಟು ದಿವಸದಿಂದ ನಿಂತಿದೆ ಎಂದು ಲೆಕ್ಕ ಹಾಕಲು ನಮ್ಮ ಆಫೀಸಿನವರು ಆ ಗಿಡದ ಎಲೆ ಎಣಿಸುತ್ತಿದ್ದರು.

ನಾನು ಬಿದ್ದದ್ದು ಟೊಂಗೆ ಇಲ್ಲದ ತಗ್ಗಿನಲ್ಲಿ. ಸಂಜೆಯ ಜಿಟಿಜಿಟಿ ಮಳೆ. ಬಸ್ಸು ನೆಚ್ಚುವಂತಿಲ್ಲವೆಂದು ಆ ದಿವಸ ಸ್ಕೂಟರಿನ ಮೇಲೆ ಹೋಗಿದ್ದೆ. ಮುಂದಿನ ಗಾಲಿ ಇಳಿದದ್ದು ಗೊತ್ತಾಯಿತು, ಆಮೇಲೆ ಗೊತ್ತಾದದ್ದು ನಾನು ಸೊಂಟದ ತನಕ ಕೆಸರಿನಲ್ಲಿ ನಿಂತಿದ್ದೇನೆ ಎಂದು. ತಲೆಯ ಮೇಲೆ ಎತ್ತಿ ಹಿಡಿದಿದ್ದ ಬಲಗೈಯಲ್ಲಿ ಸಾಹೇಬರ ಮಗನ ನಿಶ್ಚಿತಾರ್ಥದ ಪೇಢೆಯ ಪೆಟ್ಟಿಗೆ. ವಸುದೇವ ಯಮುನೆ ದಾಟಿದ ಹಾಗೆ ಕಾಣುತ್ತಿದ್ದೆನಂತೆ. ನಾಲ್ಕು ಜನ ಓಡಿ ಬಂದರು. ಮೊದಲಿನವನು ಪೆಟ್ಟಿಗೆ ಇಸಿದುಕೊಂಡ. ಎರಡನೆಯವನು ‘ಲೈನ್ ಬಜಾರದ್ದೇನ್ರಿ?’ ಎಂದು ಕೇಳಿದ. ಮೂರನೆಯವನು ತೆರೆದು ನೋಡಿ ಹೌದೆಂದ. ನನ್ನನ್ನು ಎತ್ತುವುದು ನೆನಪಾದದ್ದು ನಾಲ್ಕನೆಯವನಿಗೆ. ಅವನು ಹುಬ್ಬಳ್ಳಿಯವನಿರಬೇಕು, ಕೆಲಸ ಮುಗಿಸಿ, ಒಂದೇ ಒಂದು ಪೇಢೆ ತೆಗೆದುಕೊಂಡು, ಗಾಡಿ ಹತ್ತಿ ಹೋದ. ಉಳಿದ ಮೂವರು ಅರ್ಧ ತಾಸು ನಿಂತು ತಗ್ಗಿನ ಇತಿಹಾಸ ಹೇಳಿದರು.

ಅಂತೂ 2018ರ ಅಕ್ಟೋಬರ್ 2ರಂದು ಬಸ್ಸು ಪ್ರಾಯೋಗಿಕವಾಗಿ ಓಡತೊಡಗಿತು. ಹೆಸರು ‘ಚಿಗರಿ’. ನಮ್ಮ ಕಡೆ ಜಿಂಕೆಗೆ ಹಾಗನ್ನುತ್ತೇವೆ. ಹೆಸರಿಟ್ಟವರು ಯಾರೋ, ಪುಣ್ಯವಂತರು. ಹೊಸ ಬಸ್ಸಿಗೆ ಇಂಗ್ಲಿಷಿನಲ್ಲೋ ಸಂಸ್ಕೃತದಲ್ಲೋ ಹೆಸರು ಹುಡುಕದೆ, ನಮ್ಮ ಹೊಲದ ಬದುವಿನ ಮೇಲೆ ಜಿಗಿಯುತ್ತಿದ್ದ ಪ್ರಾಣಿಯನ್ನೇ ತಂದು ಕೂಡಿಸಿದರು. ಅದಕ್ಕಾಗಿ ನಾನು ಅವರ ಎಷ್ಟೋ ತಗ್ಗುಗಳನ್ನು ಕ್ಷಮಿಸಿದ್ದೇನೆ. ಸರಿಯಾದ ಉದ್ಘಾಟನೆ ಆದದ್ದು ಮಾತ್ರ 2020ರ ಫೆಬ್ರವರಿ 2ರಂದು, ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ. ಒಂದು ವರ್ಷ ನಾಲ್ಕು ತಿಂಗಳು ಓಡಿದ ಮೇಲೆ. ಕೂಸು ಅಂಗಳ ತುಂಬ ಓಡಾಡಿ, ನಾಲ್ಕು ಸಲ ಬಿದ್ದು, ಹಲ್ಲು ಬಂದ ಮೇಲೆ ತೊಟ್ಟಿಲಿಗೆ ಹಾಕಿದ ಹಾಗೆ. ತೊಟ್ಟಿಲ ಶಾಸ್ತ್ರವಾಗಿ ಐವತ್ತು ದಿವಸ ಕಳೆದವೋ ಇಲ್ಲವೋ, ಲಾಕ್‌ಡೌನ್ ಬಂತು. ಇಷ್ಟು ಅಗಲದ ರಸ್ತೆ, ಇಷ್ಟು ತಂಪಿನ ಬಸ್ಸು, ಹತ್ತುವವರೇ ಇಲ್ಲ. ಚಿಗರಿಗೆ ಬಯಲು ಸಿಕ್ಕಿತ್ತು, ಬಿಡುವವರಿರಲಿಲ್ಲ.

ಮೊದಲ ಸಲ ಹತ್ತಿದ ದಿನದ ಕತೆ ಹೇಳದಿದ್ದರೆ ನನ್ನ ಹೆಂಡತಿ ಹೇಳಿಬಿಡುತ್ತಾಳೆ. ಜ್ಯೂಬಿಲಿ ಸರ್ಕಲ್ಲಿನಲ್ಲಿ ಹೋದೆವು. ಹುಟ್ಟಿದಾಗಿನಿಂದ ರಸ್ತೆಯ ಎಡಕ್ಕೆ ನಿಂತು ಎಡ ಬಾಗಿಲಿನಿಂದ ಬಸ್ಸು ಹತ್ತಿದ ಜೀವ ನನ್ನದು. ಇಲ್ಲಿ ರಸ್ತೆಯ ನಡುವಿನ ನಿಲ್ದಾಣಕ್ಕೆ ಹೋಗಬೇಕು. ಅಲ್ಲಿ ಟಿಕೆಟ್ಟು, ಟಿಕೆಟ್ಟಿನ ಮೇಲೆ ಇರುವೆ ಸಾಲು ಬಿದ್ದಂಥ ಚೌಕಟ್ಟಿನ ಚಿತ್ರ. ಅದನ್ನು ಯಂತ್ರಕ್ಕೆ ತೋರಿಸಿದರೆ ಬಾಗಿಲು ಬಿಡುತ್ತದೆ. ನಾನು ತೋರಿಸಿದೆ. ಬಿಡಲಿಲ್ಲ. ಹತ್ತಿರ ಒಯ್ದೆ, ದೂರ ಹಿಡಿದೆ, ಕರವಸ್ತ್ರದಿಂದ ಒರೆಸಿದೆ. ಹಿಂದೆ ಸಾಲು ಬೆಳೆಯಿತು. ಹೆಗಲ ಮೇಲೆ ರೊಟ್ಟಿಯ ಗಂಟು ಹೊತ್ತ ಒಬ್ಬ ಮುದುಕಿ ‘ತಮ್ಮಾ, ಮಾರಿ ಕೆಳಗ ಆಗೇತಿ ನೋಡು’ ಅಂದಳು. ನಾನು ನನ್ನ ಮುಖ ಎತ್ತಿದೆ. ‘ನಿಂದಲ್ಲೋ, ಚೀಟೀದು!’ ಅಂದಳು. ತಿರುಗಿಸಿ ಹಿಡಿದೆ, ಯಂತ್ರ ಕಿಂವ್ ಎಂದು ಬಿಟ್ಟಿತು. ಆಕೆ ನನ್ನ ಹಿಂದೆ ಎಷ್ಟು ಸರಾಗ ಬಂದಳೆಂದರೆ, ಎಷ್ಟೋ ಕಾಲದಿಂದ ಕ್ಯೂಆರ್ ಕೋಡ್ ಬಡಿದು ಬಡಿದು ರೊಟ್ಟಿ ಮಾಡಿದವಳ ಹಾಗೆ.

ಬಸ್ಸು ಬಂತು, ಬಾಗಿಲು ಬಲಗಡೆ ತೆರೆಯಿತು. ನಾನು ರೂಢಿಯಂತೆ ಮೆಟ್ಟಿಲು ಏರಲು ಕಾಲು ಎತ್ತಿದೆ. ಮೆಟ್ಟಿಲಿಲ್ಲ. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಯಕ್ಷಗಾನದ ವೇಷದ ಹಾಗೆ ಒಳಗೆ ಪ್ರವೇಶ ಮಾಡಿದೆ. ಒಳಗೆ ತಂಪು, ಮುಚ್ಚಿದ ಕಿಟಕಿ. ಗಾಳಿಯೇ ಇಲ್ಲದ ತಂಪು. ಮುಂದಿನ ನಿಲ್ದಾಣ ಯಾವುದೆಂದು ಒಬ್ಬ ಹೆಣ್ಣುಮಗಳ ದನಿ ಅಚ್ಚುಕಟ್ಟಾಗಿ ಹೇಳುತ್ತಿತ್ತು. ಹಳೆಯ ಬಸ್ಸಿನಲ್ಲಿ ಅದನ್ನು ಹನ್ನೆರಡು ಜನ ಹೇಳುತ್ತಿದ್ದರು, ಹನ್ನೆರಡು ನಿಲ್ದಾಣ ಹೇಳುತ್ತಿದ್ದರು.

ಎಲ್ಲಕ್ಕಿಂತ ನನಗೆ ಕಸಿವಿಸಿಯಾದದ್ದು ಕಂಡಕ್ಟರ್ ಇಲ್ಲದಿರುವುದು. ‘ಚಿಲ್ಲರೆ ಕೊಡ್ರಿ’ ಎನ್ನುವವರಿಲ್ಲ, ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು ಇಳಿಯುವಾಗ ಮರೆಯುವವರಿಲ್ಲ, ‘ಒಳಗ ಸರೀರಿ, ಹಿಂದ ಕ್ರಿಕೆಟ್ ಆಡೂವಷ್ಟು ಜಾಗ ಐತಿ’ ಎಂದು ಬೈಯುವವರಿಲ್ಲ. ಬೈಸಿಕೊಳ್ಳದೆ ಹುಬ್ಬಳ್ಳಿ ತಲುಪುವುದು ಒಂಥರಾ ತಪ್ಪು ಮಾಡಿದ ಹಾಗೆ ಅನಿಸಿತು. ಅದಕ್ಕಿಂತ ದೊಡ್ಡ ನಷ್ಟ ಮಾತಿನದು. ಮಧ್ಯದಲ್ಲಿ ನಿಲ್ಲದ 100ಡಿ ಬಸ್ಸು ನಿಲ್ದಾಣದಲ್ಲಿ ನಿಂತ ಇನ್ನೊಂದು ಚಿಗರಿಯನ್ನು ಪಕ್ಕದ ಓಣಿಯಿಂದ ದಾಟಿಕೊಂಡು ಹೋಗಿಬಿಡುತ್ತದೆ. ಅಗಲ ಹೆಚ್ಚು ಕೇಳಿದ್ದು ಅದಕ್ಕೇ ಅಂತೆ. ನಾನು ಪಕ್ಕದವನ ಊರು ಕೇಳಿ, ಮನೆತನ ಕೇಳಿ, ಇನ್ನು ರಾಜಕಾರಣಕ್ಕೆ ಕೈಹಾಕಬೇಕು, ಉಣಕಲ್ ಕೆರೆ ಬಂದುಬಿಟ್ಟಿತು. ಮಗಳ ಲಗ್ನದ ಮಾತು ಎತ್ತುವ ಪ್ರಶ್ನೆಯೇ ಇಲ್ಲ. ಈಚೆಗೆ ನಮ್ಮ ಓಣಿಯಲ್ಲಿ ಹುಡುಗರ ಲಗ್ನ ತಡವಾಗುತ್ತಿರುವುದಕ್ಕೆ ಬೇರೆ ಬೇರೆ ಕಾರಣ ಕೊಡುತ್ತಾರೆ. ನನಗೆ ನನ್ನದೇ ಗುಮಾನಿ ಇದೆ.

ನಿಲ್ದಾಣದ ಆಚೆಯ ಸಂಸಾರವೇ ಬೇರೆ. ರಸ್ತೆ ನಡುವೆ ಕಬ್ಬಿಣದ ಬೇಲಿ ಬಂದದ್ದರಿಂದ ಎದುರು ಬದಿಯ ಮನೆ ಪರದೇಶವಾಯಿತು. ಮಾಮಾನ ಮನೆಗೆ ಹಾಲು ಕೊಡುತ್ತಿದ್ದವನು ಎದುರಿಗೇ ಇದ್ದ. ಈಗ ಅವನ ಎಮ್ಮೆ ಮುಂದಿನ ಸಿಗ್ನಲ್ ತನಕ ಹೋಗಿ ಯೂ ಟರ್ನ್ ಮಾಡಿಕೊಂಡು ಬರಬೇಕು. ಎಮ್ಮೆ ಕಲಿಯಿತು, ಹಾಲಿನವನು ಮಾತ್ರ ಎಷ್ಟೋ ದಿವಸ ಬೇಲಿ ಹಾರುತ್ತಿದ್ದ. ಕಾರಿನವರು ತಮ್ಮ ಪಾಲಿನ ಓಣಿಯಲ್ಲಿ ಗಾಲಿಗೆ ಗಾಲಿ ಹಚ್ಚಿ ನಿಂತು, ನಡುವಿನ ಖಾಲಿ ಓಣಿಯನ್ನು ಏಕಾದಶಿಯ ದಿವಸ ಪಕ್ಕದ ಮನೆಯ ಹೋಳಿಗೆ ನೋಡಿದ ಹಾಗೆ ನೋಡುತ್ತಾರೆ. ಬಸ್ಸಿನಲ್ಲಿ ಕೂತವನಿಗೆ ಅದನ್ನು ನೋಡುವುದರಲ್ಲಿ ಒಂದು ಸುಖವಿದೆ ಎಂದು ಒಪ್ಪಿಕೊಳ್ಳುತ್ತೇನೆ. ಇಡೀ ಆಯುಷ್ಯ ಕಾರಿನವನ ಹಾರ್ನಿಗೆ ಬದಿಗೆ ಸರಿದ ಮನುಷ್ಯ ಒಂದು ಪಾಸಿನ ಬಲದ ಮೇಲೆ ಅವನನ್ನು ಹಿಂದೆ ಹಾಕಿ ಹೋಗುವುದು ಸಣ್ಣ ಸಂಗತಿಯಲ್ಲ. ರಸ್ತೆ ಅಂದರೆ ವಾಹನ ಎಣಿಸುವ ಜಾಗವಲ್ಲ, ತಲೆ ಎಣಿಸುವ ಜಾಗ ಎಂದು ಮಾಸ್ತರರು ಹೇಳುತ್ತಿದ್ದದ್ದು ನನಗೆ ತಿಳಿದದ್ದು ಆ ಕಿಟಕಿಯಲ್ಲಿ ಕೂತಾಗ.

ಸುಖ ಹೀಗೆ, ಆದರೆ ಆಫೀಸಿನಲ್ಲಿ ನನ್ನ ಸ್ಥಿತಿ ಹದಗೆಟ್ಟಿತು. ಮುಕ್ಕಾಲು ತಾಸಿನೊಳಗೆ ಹುಬ್ಬಳ್ಳಿ. ಅಂಗಿ ಇಸ್ತ್ರಿ ಮಾಡಿದ ಹಾಗೇ ಇರುತ್ತದೆ. ಮುಖದ ಮೇಲೆ ಒರೆಸಲು ಏನೂ ಇಲ್ಲ. ಹನ್ನೊಂದೂ ಕಾಲಿಗೆ ಬಾಗಿಲಲ್ಲಿ ನಿಂತು ‘ರಸ್ತಾ…’ ಎಂದು ಬಾಯಿ ತೆರೆದೆ. ಹಳೆಯ ಸಾಹೇಬರು ನಿವೃತ್ತರಾಗಿ, ಹುಬ್ಬಳ್ಳಿಯವರೇ ಒಬ್ಬರು ಆ ಕುರ್ಚಿಗೆ ಬಂದಿದ್ದರು. ‘ರಸ್ತಾ ಭಾಳ ಚಲೋ ಆಗೇತಂತಲ್ರಿ’ ಅಂದರು. ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ ಉತ್ತರ ಹೊಳೆಯಲಿಲ್ಲ. ಒಂದು ವಾರ ಹತ್ತೂ ಇಪ್ಪತ್ತೈದಕ್ಕೆ ಹೋದೆ. ಆ ಹೊತ್ತಿಗೆ ಆಫೀಸು ಹೇಗಿರುತ್ತದೆಂದು ನಾನು ನೋಡಿರಲಿಲ್ಲ. ಯಾರೂ ಇರುವುದಿಲ್ಲ, ಕಸ ಹೊಡೆಯುತ್ತಿರುತ್ತಾರೆ, ಮತ್ತೆ ಅದೇ ಧೂಳು.

ಕಾಪಾಡಿದ್ದು ಮಳೆ. ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಟೋಲ್‌ನಾಕಾದಲ್ಲಿ ನೀರು ನಿಂತಿತು. ನಿಂತಿತು ಅಂದರೆ ಮೊಣಕಾಲ ಮಟ್ಟ. ಸ್ಕೂಟರುಗಳು ಬಾತುಕೋಳಿಯ ಹಾಗೆ ಕುತ್ತಿಗೆ ಮೇಲೆತ್ತಿ ತೇಲುತ್ತಿದ್ದವು. ಬಸ್ಸು ಅಲ್ಲಿ ನಿಂತ ಅರ್ಧ ತಾಸಿನಲ್ಲಿ ಪಕ್ಕದವರೆಲ್ಲ ಪಕ್ಕದವರ ಹೆಸರು ಕೇಳಿದರು, ಊರು ಕೇಳಿದರು, ಹಿಂದಿನ ಸೀಟಿನಲ್ಲಿ ಯಾರೋ ಜಾತಕ ಹೊರತೆಗೆದ ಸದ್ದೂ ಕೇಳಿತು. ಒದ್ದೆಯಾದ ಪ್ಯಾಂಟು ಮಡಿಚಿಕೊಂಡೇ ಸಾಹೇಬರ ಬಾಗಿಲಿಗೆ ಹೋದೆ. ‘ಟೋಲ್‌ನಾಕಾದಾಗ ನೀರು ನಿಂತೈತ್ರಿ ಸರ್.’ ಸಾಹೇಬರು ನನ್ನ ಪ್ಯಾಂಟು ನೋಡಿ, ಕಿಟಕಿ ನೋಡಿ, ‘ಹೌದ್ ಬಿಡ್ರಿ’ ಅಂದರು. ಹುಬ್ಬಳ್ಳಿಯವರ ಬಾಯಲ್ಲಿ ಆ ಶಬ್ದ ಕೇಳಿ ನನಗೆ ಕಣ್ಣು ತುಂಬಿ ಬಂದವು.

ಮಾಮಾನ ವಿಷಯ ಬಾಕಿ ಉಳಿಯಿತು. ಕಟ್ಟೆ ಹೋದ ಮೇಲೆ ಮಾಮಾ ಬಹಳ ದಿವಸ ಹೊರಗೆ ಬರಲಿಲ್ಲ. ಬಾಗಿಲು ತೆರೆದರೆ ನೇರವಾಗಿ ಫುಟ್‌ಪಾತು. ಅಲ್ಲಿ ಕುರ್ಚಿ ಹಾಕಿದರೆ ಹೋಗುವವರ ಮೊಣಕಾಲಷ್ಟೇ ಕಾಣುತ್ತವೆ, ಮೊಣಕಾಲಿಗೆ ಏನೆಂದು ಕೇಳುವುದು? ಸೊರಗಿದ. ಕೊನೆಗೆ ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ ನಾನು ಹುಬ್ಬಳ್ಳಿಯಿಂದ ಬೇಗ ಹೊರಟು ಚಿಗರಿ ಹತ್ತಿದರೆ, ಬಾಗಿಲಿನ ಎದುರಿನ ಸೀಟಿನಲ್ಲಿ, ಧೋತರದ ಚುಂಗು ಸರಿಮಾಡಿಕೊಂಡು, ಮಾಮಾ ಕೂತಿದ್ದಾನೆ.

‘ಎಲ್ಲಿಗೆ ಹೋಗಿದ್ದಿ ಮಾಮಾ?’

‘ಎಲ್ಲಿಗೂ ಇಲ್ಲ. ಪಾಸು ಮಾಡಿಸೇನಿ. ಊಟ ಮಾಡಿ ಕೂಡ್ತೀನಿ, ಎರಡು ಸಲ ಹೋಗಿ ಬಂದ್ರ ಚಾದ ಹೊತ್ತು ಆಗತೈತಿ. ತಣ್ಣಗೈತಿ. ಮಂದೀನೂ ಬರ್ತಾರ.’

ಸತ್ತೂರಿನಲ್ಲಿ ಬಾಗಿಲು ತೆರೆಯಿತು. ಕಾಲೇಜಿನ ಹುಡುಗನೊಬ್ಬ ಕಿವಿಗೆ ವೈರು ಸಿಕ್ಕಿಸಿಕೊಂಡು ಒಳಗೆ ಬಂದ. ಮಾಮಾ ಕೋಲಿನಿಂದ ಅವನ ಚೀಲ ತಟ್ಟಿದ. ಹುಡುಗ ವೈರು ತೆಗೆದ.

‘ಯಾರ ಪೈಕಿ ನೀನು?’

ಹುಡುಗ ಹೇಳಿದ. ಮಾಮಾ ಪಕ್ಕಕ್ಕೆ ಸರಿದು ಅವನಿಗೆ ಜಾಗ ಮಾಡಿದ. ಈ ರಸ್ತೆಗೆ ಇನ್ನೂ ಹೊಸದೇನೋ ಬರುವ ಮಾತಿದೆ, ಎಲೆಕ್ಟ್ರಿಕ್ ಅಂತೆ, ಇನ್ನೂ ಉದ್ದನೆಯ ಗಾಡಿಯಂತೆ ಎಂದು ನಾನು ನಡುವೆ ಬಾಯಿ ಹಾಕಿದೆ. ಮತ್ತೆ ಅಗೆಯಬಹುದು ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಆಸೆ ಇತ್ತೇನೋ.

ಮಾಮಾ ನನ್ನ ಕಡೆ ತಿರುಗಲಿಲ್ಲ. ‘ಅಗೀಲಿ ತಗೋ’ ಅಂದ. ಆಮೇಲೆ ಹುಡುಗನಿಗೆ, ‘ಹಂಗಾರ ನಿಮ್ಮಜ್ಜ ಗರಗದ ಕಡಿಯಾಂವೇನು? ಅಂವಗ ಮಂಡಿ ನೋವಿತ್ತಲ್ಲ, ಈಗ ಹೆಂಗೈತಿ?’